ಬೇಸ್‌ಮೆಂಟಿನ ಬಿಯರು ಯಾರದ್ದು

ನಮ್ಮ ಮನೆಯಲ್ಲಿ ಬಿಯರು ಮಾಡುವವಳು ನಾನು. ಇಷ್ಟು ಸಣ್ಣ ವಾಕ್ಯವನ್ನು ಹೀಗೆ ನೇರವಾಗಿ ಬರೆಯಲು ನನಗೆ ಆರು ವರ್ಷ ಹಿಡಿಯಿತು. ಎಡಿಸನ್ನಿನಲ್ಲಿ, ಐಸೆಲಿನ್ನಿನಲ್ಲಿ, ಓಲ್ಡ್ ಬ್ರಿಡ್ಜಿನಲ್ಲಿ ನಮ್ಮ ಕನ್ನಡದವರನ್ನು ಯಾರನ್ನಾದರೂ ಕೇಳಿ ನೋಡಿ, ಅದು ನನ್ನ ಗಂಡನ ಬಿಯರು ಎನ್ನುತ್ತಾರೆ. ಇವರು ಒಂದು ದಿನ ಬಾರ್ಲಿಯ ಮಾಲ್ಟ್ ಕುದಿಸಿದವರಲ್ಲ, ಒಂದು ಬಕೆಟ್ಟು ನೆಟ್ಟಗೆ ತೊಳೆದವರಲ್ಲ. ಗ್ಲಾಸನ್ನು ಬಲ್ಬಿನ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಈ ಸಲ ಬಾಡಿ ಚೆನ್ನಾಗಿ ಬಂದಿದೆ" ಎನ್ನುವುದಷ್ಟೇ ಇವರ ಪಾಲಿನ ಕೆಲಸ. ಬಾಡಿ ಎಂದರೆ ಬಾಯಿಗೆ ಸಿಗುವ ಬಿಯರಿನ ಮಂದ ಎನ್ನುವುದು ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಬಿಯರು ಮಾಡುವ ಕಿಟ್ಟು ಮಾತ್ರ ಇವರದ್ದೇ, ಅದನ್ನು ಒಪ್ಪುತ್ತೇನೆ. ಆಫೀಸಿನಲ್ಲಿ ಡಿಸೆಂಬರಿನಲ್ಲಿ ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಾರಲ್ಲ, ಅದರಲ್ಲಿ ಬಂದದ್ದು. ಮನೆಗೆ ತಂದು ಬೇಸ್‌ಮೆಂಟಿನಲ್ಲಿ ಸೂಟ್‌ಕೇಸುಗಳ ಹಿಂದೆ ತಳ್ಳಿದರು. ಒಂದು ವರ್ಷಕ್ಕಿಂತ ಹೆಚ್ಚು ಅಲ್ಲೇ ಧೂಳು ತಿಂದಿತು. ಅಷ್ಟರಲ್ಲಿ ನಾನು ಕೆಲಸ ಮಾಡುತ್ತಿದ್ದ ಔಷಧದ ಲ್ಯಾಬು ಬೇರೆ ರಾಜ್ಯಕ್ಕೆ ಹೊರಟುಹೋಯಿತು. ನಾನು ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಔಷಧದ ಸೀಸೆಗಳಲ್ಲಿ ಸೂಕ್ಷ್ಮಜೀವಿ ಇಲ್ಲವೆಂದು ಸಾಬೀತು ಮಾಡಿದ ಕೈ ಮನೆಯಲ್ಲಿ ಕೂತು ತರಕಾರಿ ಹೆಚ್ಚುತ್ತಾ ಜೋಮು ಹಿಡಿಯುತ್ತಿತ್ತು. ಒಂದು ಮಂಗಳವಾರ ಆ ಕಿಟ್ಟಿನ ಡಬ್ಬ ಒಡೆದೆ. ಯೀಸ್ಟ್ ಎನ್ನುವ ಒಂದೇ ಒಂದು ಜೀವಿಯನ್ನು ಬೆಳೆಸಬೇಕು, ಉಳಿದ ಒಂದನ್ನೂ ಒಳಗೆ ಬಿಡಬಾರದು. ಇದಕ್ಕಿಂತ ನನಗೆ ಒಗ್ಗುವ ಕೆಲಸ ಇನ್ನಾವುದಿತ್ತು?

ಮೊದಲ ಸಲದ ಬಿಯರು ಬಾಟಲಿಗೆ ಇಳಿದ ಮೇಲೆ ಮನೆಯಲ್ಲಿ ಊಟಕ್ಕೆ ಕರೆದಿದ್ದೆವು. ನಮ್ಮವರ ಪಾರ್ಟಿ ಎಂದರೆ ಗೊತ್ತಲ್ಲ, ಚಪ್ಪಲಿ ಬಿಟ್ಟ ಐದು ನಿಮಿಷದಲ್ಲಿ ಗಂಡಸರು ಬೇಸ್‌ಮೆಂಟಿಗೆ ಇಳಿಯುತ್ತಾರೆ, ಹೆಂಗಸರು ಅಡುಗೆಮನೆಯಲ್ಲಿ ಉಳಿಯುತ್ತಾರೆ. ನಾನು ಬೋಂಡದ ತಟ್ಟೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಕೆಳಗೆ ಯಾರೋ, "ಸೂಪರ್ ಆಗಿದೆ ಸಾರ್, ಯಾರು ಮಾಡಿದ್ದು?" ಎಂದರು. ಇವರು ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಕ್ಷಣ ಕಾದರು ಕೂಡ. ಆಮೇಲೆ, "ಏನೋ ಹೀಗೇ, ಒಂದು ಹಾಬಿ" ಎಂದರು.

ನಾನು ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮೇಲೆ ಅಡುಗೆಮನೆಯಲ್ಲಿ ನಮ್ಮ ಗುರುವಾರದ ಭಜನೆಯ ಹೆಂಗಸರೆಲ್ಲ ಇದ್ದರು, ಅಲ್ಲಿ ನಾನೇ ಮುಂದೆ ಕೂತು ಹಾಡಿಸುವವಳು. ಮೇಲೆ ಹೋದ ತಕ್ಷಣ ಒಬ್ಬಾಕೆ ಕೇಳಿಯೇ ಬಿಟ್ಟಳು, "ಏನ್ರೀ, ನಿಮ್ಮನೆಯವರು ಬೇಸ್‌ಮೆಂಟಲ್ಲಿ ಹೆಂಡ ಕಾಯಿಸ್ತಾರಂತೆ?" ಎಲ್ಲರೂ ನಕ್ಕರು. ನಾನೂ ನಕ್ಕು, "ಏನ್ ಮಾಡೋದು ಹೇಳಿ, ಗಂಡಸರ ಹುಚ್ಚು" ಎಂದೆ. ನನ್ನ ಬಾಯಿಂದಲೇ ಬಂದ ಮಾತು ಅದು. ಯಾರೂ ಒತ್ತಾಯ ಮಾಡಿ ಹೇಳಿಸಿದ್ದಲ್ಲ.

ಅಲ್ಲಿಂದ ಮುಂದೆ ಸುಳ್ಳು ತಾನಾಗಿಯೇ ಬೆಳೆಯಿತು. ಬೆಳೆದ ಹಾಗೆಲ್ಲ ನನ್ನ ಹೊಟ್ಟೆ ಉರಿಯೂ ಬೆಳೆಯಿತು.

ಬಿಯರು ಮಾಡುವುದೆಂದರೆ ಪಾತ್ರೆ ಕಾಯುವುದು. ಕುದಿಸುವುದು ಒಂದು ದಿನದ ಕೆಲಸ, ಯಾರು ಬೇಕಾದರೂ ಮಾಡಬಹುದು. ಆಮೇಲೆ ಎರಡು ಮೂರು ವಾರ ಅದು ಹುದುಗುವ ಪಾತ್ರೆಯ ಪಕ್ಕದಲ್ಲಿ ನಿಂತು ತಾಳ್ಮೆ ತೋರಿಸಬೇಕು. ನನ್ನ ಹತ್ತಿರ ಎರಡು ಪಾತ್ರೆಗಳಿದ್ದವು. ಒಂದು ಗಾಜಿನ ದೊಡ್ಡ ಹೂಜಿ, ಕತ್ತು ಸಣ್ಣದು, ತುಂಬಿದರೆ ಒಂದು ಮಗುವಿನಷ್ಟು ಭಾರ, ಜಾರಿದರೆ ಕಾಲು ಹೋಯಿತೆಂದೇ ಲೆಕ್ಕ. ಇನ್ನೊಂದು ಬಿಳಿ ಪ್ಲಾಸ್ಟಿಕ್ಕಿನ ಬಕೆಟ್ಟು, ಮುಚ್ಚಳದೊಳಗೆ ರಬ್ಬರಿನ ರಿಂಗು, ಮೇಲೆ ನೀರು ತುಂಬಿದ ಪುಟ್ಟ ಕೊಳವೆ. ಒಳಗಿನ ಗಾಳಿ ಆ ನೀರಿನ ಮೂಲಕ ಗುಳುಗುಳು ಎಂದು ಹೊರಗೆ ಬರುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ಎರಡನ್ನೂ ವಾಟರ್ ಹೀಟರಿನಿಂದ ನಾಲ್ಕಡಿ ದೂರದಲ್ಲಿ, ಹಳೆಯ ರಜಾಯಿ ಸುತ್ತಿ, ಕತ್ತಲಲ್ಲಿ ಇಡುತ್ತಿದ್ದೆ. ನಾಲ್ಕಡಿಯನ್ನು ಟೇಪು ಹಿಡಿದು ಅಳೆದಿದ್ದೆ. ಯೀಸ್ಟಿಗೆ ಸೆಕೆಯೂ ಆಗಬಾರದು, ಚಳಿಯೂ ಆಗಬಾರದು.

ಇಷ್ಟು ಜತನ ಮಾಡಿದ ಪಾತ್ರೆಯನ್ನು ಇವರು ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದರು. ಟೂರ್ ಅಂತೆ. "ಬನ್ನಿ ಬನ್ನಿ, ನನ್ನ ಬ್ರೂವರಿ ನೋಡಿ" ಎಂದು ಕರೆದುಕೊಂಡು ಹೋಗಿ ಮುಚ್ಚಳ ಎತ್ತುವುದು. ಒಂದು ಸಲ ನೆಗಡಿಯಾದವನೊಬ್ಬ ಬಕೆಟ್ಟಿನೊಳಕ್ಕೇ ಮುಖ ಇಟ್ಟು ಮೂಸಿದ. ಇನ್ನೊಂದು ಸಲ ಒಬ್ಬರು ಪಾಯಸದ ರುಚಿ ನೋಡುವವರಂತೆ ನೊರೆಗೆ ಬೆರಳದ್ದಿ ನೆಕ್ಕಿದರು. ಮತ್ತೆ ಅದೇ ಬೆರಳನ್ನು ಅದ್ದಿದರು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಆ ಮನುಷ್ಯನ ಬೆರಳನ್ನು ಮುಚ್ಚಳದ ಕೆಳಗಿಟ್ಟು ಅದುಮಬೇಕೆನ್ನುವಷ್ಟು ಸಿಟ್ಟು ಬಂದಿತ್ತು. ಹತ್ತು ದಿನಕ್ಕೆ ಅಷ್ಟೂ ಬಿಯರು ಹುಳಿಯಾಗಿ, ಮೇಲೆ ಬೂದಿ ಬಣ್ಣದ ಕೆನೆ ಕಟ್ಟಿ, ಮೋರಿಗೆ ಹೋಯಿತು. ಮುಂದಿನ ಪಾರ್ಟಿಯಲ್ಲಿ ಯಾರೋ ಕೇಳಿದ್ದಕ್ಕೆ ಇವರು ಗಡ್ಡ ಸವರಿಕೊಂಡು, "ಸದ್ಯಕ್ಕೆ ಸವರ್ ಬಿಯರ್, ಹುಳಿ ಬಿಯರ್ ಜೊತೆ ಎಕ್ಸ್‌ಪೆರಿಮೆಂಟ್ ಮಾಡ್ತಿದೀನಿ" ಎಂದರು.

ಒಂದು ಸಲ ಸಹಾಯ ಮಾಡುತ್ತೇನೆಂದು ಹೊರಟು ಬಕೆಟ್ಟನ್ನು ಸ್ಟೀಲಿನ ನಾರು ಹಾಕಿ ಗಸಗಸ ಉಜ್ಜಿಟ್ಟಿದ್ದರು, ತಳ ಹಿಡಿದ ಹುಳಿಯ ಪಾತ್ರೆ ಉಜ್ಜುವ ಹಾಗೆ. ಪ್ಲಾಸ್ಟಿಕ್ಕಿನ ಮೇಲೆ ಗೀರು ಬಿದ್ದರೆ ಆ ಗೀರಿನಲ್ಲಿ ಕೂತ ಬ್ಯಾಕ್ಟೀರಿಯಾ ಯಾವ ನೀರಿಗೂ ಏಳುವುದಿಲ್ಲ. ಆ ಬಕೆಟ್ಟು ಅವತ್ತಿಗೆ ಮುಗಿಯಿತು. "ಪಳಪಳ ಅಂತಿದೆ ನೋಡು" ಎಂದು ನನ್ನ ಮುಂದೆ ಹಿಡಿದರು. ನಾನು ಅದರಲ್ಲಿ ಅಕ್ಕಿ ತುಂಬಿಸಿಟ್ಟು ಹೊಸ ಬಕೆಟ್ಟು ತಂದೆ. ಅವತ್ತಿನಿಂದ ಪಾತ್ರೆಗಳನ್ನು ಮುಟ್ಟಕೂಡದು ಎಂದು ಇವರಿಗೆ ಹೇಳಿದೆ. "ಏನು ನಿನ್ನ ಮಡಿ!" ಎಂದರು. ಹೌದು, ಮಡಿಯೇ. ಅದಕ್ಕೇನೀಗ?

ಹೀಗೆ ಆರು ವರ್ಷ ಕಳೆದವು. ಈ ಮಾರ್ಚಿನಲ್ಲಿ ಇವರಿಗೆ ಅರವತ್ತು ತುಂಬಿತು. ಬೆಳಿಗ್ಗೆ ದೇವಸ್ಥಾನದಲ್ಲಿ ಶಾಂತಿ, ಸಾಯಂಕಾಲ ಐಸೆಲಿನ್ನಿನ ಒಂದು ಹೋಟೆಲಿನ ಹಾಲಿನಲ್ಲಿ ಊಟ. ಪುರೋಹಿತರು ದಿನ ಕೊಟ್ಟರು, ಹಾಲಿನವರು ಅದೇ ದಿನಕ್ಕೆ ಒಪ್ಪಿದರು. ಬರುವವರಿಗೆಲ್ಲ ರಿಟರ್ನ್ ಗಿಫ್ಟಾಗಿ ಒಂದೊಂದು ಬಾಟಲಿ ಬಿಯರು ಕೊಡುವುದೆಂದು ಇವರು ನನ್ನನ್ನು ಕೇಳದೆ ತೀರ್ಮಾನ ಮಾಡಿದ್ದರು. ನನಗೆ ತಿಳಿದಾಗ ಆಗಲೇ ಲೇಬಲ್ ಅಚ್ಚಾಗಿ ಬಂದಿತ್ತು. ನಗುತ್ತಿರುವ ಇವರ ಫೋಟೋ, ಕೆಳಗೆ 'ಮಾಸ್ಟರ್ ಬ್ರೂಯರ್', ಅದರ ಕೆಳಗೆ ಇವರ ಹೆಸರು. ಲೇಬಲನ್ನು ನನ್ನ ಕೈಗೆ ಕೊಟ್ಟು, "ಹೇಗಿದೆ?" ಎಂದು ಕೇಳುವಾಗ ಇವರ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಆರು ವರ್ಷ ಹೇಳಿ ಹೇಳಿ ಇವರೇ ನಂಬಿಬಿಟ್ಟಿದ್ದರು.

"ಫೋಟೋದಲ್ಲಿ ದಪ್ಪ ಕಾಣ್ತೀರ" ಎಂದೆ.

ಆದರೂ ಮಾಡಿದೆ. ಯಾಕೆ ಮಾಡಿದೆ ಎಂದರೆ, ಬಿಯರು ಮಾಡುವುದು ನನಗೆ ಇಷ್ಟ. ಕೆಟ್ಟದಾಗಿ ಮಾಡಲು ನನಗೆ ಬರುವುದಿಲ್ಲ. ಹೊಸ ಬಕೆಟ್ಟಿಗೆ ತುಂಬಿಸಿ, ಯೀಸ್ಟ್ ಹಾಕಿ, ಮಾರನೆಯ ದಿನ ಗುಳುಗುಳು ಶುರುವಾದದ್ದನ್ನು ಕೇಳಿಸಿಕೊಂಡೆ. ಮೂರನೆಯ ದಿನ ಬಾಸ್ಟನ್ನಿನಿಂದ ಮಗಳ ಫೋನು ಬಂತು. ಮನೆಯಲ್ಲಿ ಎಲ್ಲರಿಗೂ ಜ್ವರ, ಮಗುವನ್ನು ನೋಡಿಕೊಳ್ಳುವವರಿಲ್ಲ. ಒಂದು ವಾರಕ್ಕೆಂದು ಹೊರಟೆ. ಹೊರಡುವ ಮುಂಚೆ ಬಕೆಟ್ಟಿನ ಮುಚ್ಚಳಕ್ಕೆ ಅಡ್ಡಲಾಗಿ ಟೇಪು ಅಂಟಿಸಿ, 'ನಾನು ಬರುವ ತನಕ ತೆಗೆಯಕೂಡದು' ಎಂದು ದಪ್ಪಕ್ಷರದಲ್ಲಿ ಬರೆದೆ. ಬಾಯಲ್ಲೂ ಹೇಳಿದೆ. ಇವರು ಟಿವಿಯಿಂದ ಕಣ್ಣು ತೆಗೆಯದೆ ಹ್ಞೂಂ ಎಂದರು.

ವಾಪಸು ಬಂದು ಬೇಸ್‌ಮೆಂಟಿಗೆ ಇಳಿದರೆ, ಪಿಂಗ್‌ಪಾಂಗ್ ಮೇಜಿನ ಮೇಲೆ ನಲವತ್ತಾರು ಬಾಟಲಿಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಮುಚ್ಚಳ ಒತ್ತಿಯಾಗಿತ್ತು, ಲೇಬಲ್ ಅಂಟಿಸಿಯಾಗಿತ್ತು. ನಲವತ್ತಾರು ಇವರು ನನ್ನನ್ನು ನೋಡಿ ನಗುತ್ತಿದ್ದರು. ಬಕೆಟ್ಟು ತಳದ ಗಸಿ ಒಣಗಿಕೊಂಡು ಸಿಂಕಿನಲ್ಲಿ ಬಿದ್ದಿತ್ತು.

ಬೇಸ್‌ಮೆಂಟು ತಣ್ಣಗೆ ಕೊರೆಯುತ್ತಿತ್ತು. ನಾನಿಲ್ಲದ ವಾರ ಇವರು ಹೀಟಿಂಗ್ ಇಳಿಸಿದ್ದರು. ಇವರಿಗೆ ಯಾವಾಗಲೂ ಸೆಕೆ, ನನಗೆ ಯಾವಾಗಲೂ ಚಳಿ. ಮೂವತ್ತು ವರ್ಷದಿಂದ ಹೀಟಿಂಗ್ ಏರಿಸಿ ಇಳಿಸುವ ಥರ್ಮೋಸ್ಟಾಟಿನ ಮುಂದೆ ಜಗಳ ನಡೆದೇ ಇದೆ. ಚಳಿಗೆ ಯೀಸ್ಟು ಮುದುಡಿ ಮಲಗಿದೆ, ಗುಳುಗುಳು ನಿಂತಿದೆ. ನಿಂತಿತಲ್ಲ, ಬಿಯರು ಆಯಿತು ಎಂದು ಇವರು ತುಂಬಿಸಿಬಿಟ್ಟಿದ್ದಾರೆ. ಬಾಟಲಿಯಲ್ಲಿ ನೊರೆ ಬರಲೆಂದು ಹಾಕುವ ಸಕ್ಕರೆಯನ್ನೂ ಮರೆಯದೆ ಹಾಕಿದ್ದಾರೆ. ಒಂದು ಬಾಟಲಿ ತೆಗೆದು ಬಾಯಿಗೆ ಬಿಟ್ಟುಕೊಂಡೆ. ಶರಬತ್ತಿನ ಹಾಗೆ ಸಿಹಿ. ಸಕ್ಕರೆ ಎಷ್ಟು ಉಳಿದಿದೆ ಎಂದು ತೋರಿಸುವ ಗಾಜಿನ ಕಡ್ಡಿಯನ್ನು ಇಳಿಬಿಟ್ಟು ನೋಡಿದೆ. ಅರ್ಧಕ್ಕರ್ಧ ಹಾಗೇ ಇತ್ತು.

"ಇವನ್ನ ಕೊಡೋ ಹಾಗಿಲ್ಲ" ಎಂದೆ. "ಸಕ್ಕರೆ ಮುಗಿದಿಲ್ಲ. ಬೆಚ್ಚಗಿರೋ ಕಡೆ ಇಟ್ರೆ ಯೀಸ್ಟ್ ಎದ್ದು ಅದನ್ನ ತಿನ್ನತ್ತೆ, ಗ್ಯಾಸ್ ತುಂಬಿ ಬಾಟಲಿ ಒಡೆಯತ್ತೆ. ಸುಮ್ನೆ ಒಡೆಯಲ್ಲ ರೀ, ಸಿಡಿಯತ್ತೆ."

"ನಿಂಗೆ ನಾನು ಮಾಡಿದ್ದರಲ್ಲಿ ತಪ್ಪು ಹುಡುಕದೇ ಇದ್ರೆ ತಿಂದಿದ್ದು ಅರಗಲ್ಲ. ಆರು ವರ್ಷದಲ್ಲಿ ಒಂದಾದ್ರೂ ಒಡೆದಿದೆಯಾ?"

"ಆರು ವರ್ಷ ತುಂಬಿಸಿದ್ದು ಯಾರು?"

ಸುಮಾರು ಹೊತ್ತು ಕೂಗಾಡಿದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಬಾಟಲಿಗಳು ಗ್ಯಾರೇಜಿಗೆ ಹೋಗುವುದು, ಅಲ್ಲಿ ಚಳಿಯಿದೆ, ಏನೂ ಆಗುವುದಿಲ್ಲ. ಯಾರಿಗೂ ಕೊಡುವುದಿಲ್ಲ. ಸಮಾರಂಭದ ಗಲಾಟೆ ಮುಗಿದ ಮೇಲೆ ನಾನು ನೋಡಿಕೊಳ್ಳುತ್ತೇನೆ. "ಆಯ್ತು ಮಾರಾಯ್ತಿ" ಎಂದರು. ನಾನು ನಂಬಿದೆ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೂ ನಂಬಿದೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕು?

ಅರವತ್ತರ ದಿನ ಬೆಳಿಗ್ಗೆ ಹೋಮದ ಹೊಗೆಯಲ್ಲಿ ಕಣ್ಣೀರು ಸುರಿಸುತ್ತಾ ಕೂತು ಇನ್ನೊಂದು ಸಲ ತಾಳಿ ಕಟ್ಟಿಸಿಕೊಂಡೆ. ತಾಂಬೂಲಕ್ಕೆಂದು ನಾನು ನಲವತ್ತು ಸೆಣಬಿನ ಚೀಲ ಸಿದ್ಧ ಮಾಡಿಟ್ಟಿದ್ದೆ. ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮದ ಪೊಟ್ಟಣ, ಒಂದೊಂದು ಡಬ್ಬಿ ಲಾಡು. ಸಾಯಂಕಾಲ ಊಟ ಮುಗಿಸಿ ಜನ ಹೊರಡುವ ಹೊತ್ತಿಗೆ ನಾನು ಒಳಗೆ ಹಿರಿಯರೊಬ್ಬರಿಗೆ ಕೋಟು ಹುಡುಕಿಕೊಡುತ್ತಿದ್ದೆ. ಹೊರಗೆ ಬಂದು ನೋಡಿದರೆ ಇವರು ಬಾಗಿಲಲ್ಲಿ ನಿಂತು ತಾಂಬೂಲದ ಚೀಲಗಳನ್ನು ಹಂಚುತ್ತಿದ್ದರು. ಪ್ರತಿ ಚೀಲದಲ್ಲೂ ತೆಂಗಿನಕಾಯಿಯ ಪಕ್ಕ ಒಂದು ಕಂದು ಕತ್ತು ಇಣುಕುತ್ತಿತ್ತು. ಮಧ್ಯಾಹ್ನ ನಾನು ಸೀರೆ ಬದಲಾಯಿಸುವಾಗ ಗ್ಯಾರೇಜಿನಿಂದ ಕಾರಿಗೆ ಹೇರಿಸಿಕೊಂಡಿದ್ದರು. "ಚೀಲ ಗಟ್ಟಿಯಾಗಿತ್ತು, ಅದರಲ್ಲೇ ಇಟ್ಟೆ" ಎಂದರು, ನಗುನಗುತ್ತಾ, ಎಲ್ಲರ ಎದುರಿಗೆ.

ನಾನು ಅಲ್ಲಿ ಕಿರುಚಲಿಲ್ಲ. ರೇಷ್ಮೆ ಸೀರೆ ಉಟ್ಟು, ಹೊಸ ತಾಳಿ ಹಾಕಿಕೊಂಡು, ನೂರು ಜನರ ಮುಂದೆ ಗಂಡನ ಮೇಲೆ ಹೇಗೆ ಕಿರುಚುವುದು? ಹೋಗುವವರು ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದರು.

ಮಾರನೆಯ ಬೆಳಿಗ್ಗೆ ಅತಿಥಿಗಳ ಪಟ್ಟಿ ಹಿಡಿದು ಫೋನಿನ ಮುಂದೆ ಕೂತೆ. ನನ್ನ ಲೆಕ್ಕದಲ್ಲಿ ನಾಲ್ಕೈದು ದಿನ ಸಮಯವಿತ್ತು. ನಮ್ಮವರ ಮನೆಗಳು ಒಳಗೆ ಮೇ ತಿಂಗಳ ಬೆಂಗಳೂರಿನ ಹಾಗಿರುತ್ತವೆ, ಊರಿಂದ ಬಂದ ಅತ್ತೆಯೋ ಮಾವನೋ ಶಾಲು ಹೊದ್ದು ಹೀಟಿಂಗ್ ಏರಿಸಿ ಎನ್ನುತ್ತಿರುತ್ತಾರೆ. ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಭಯವಿರಲಿಲ್ಲ. ಆದರೆ ಒಬ್ಬರೂ ಇಟ್ಟಿರಲಿಲ್ಲ. ಫ್ರಿಜ್ಜಿನಲ್ಲಿ ದೇವರ ಪ್ರಸಾದ ಇರುತ್ತದೆ, ಮೊಸರು ಇರುತ್ತದೆ, ಅತ್ತೆ ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುತ್ತಾರೆ. ಒಬ್ಬರು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದರು, ಒಬ್ಬರು ಬಟ್ಟೆ ಒಣಗಿಸುವ ಮೆಷಿನ್ನಿನ ಮೇಲೆ, ಒಬ್ಬರು ಮನೆ ಕಾಯಿಸುವ ಫರ್ನೇಸಿನ ಪಕ್ಕ. ಹುಡುಕಿ ಹುಡುಕಿ ಮನೆಯ ಅತಿ ಬೆಚ್ಚಗಿನ ಜಾಗದಲ್ಲೇ ಬಚ್ಚಿಟ್ಟಿದ್ದರು.

ಎಲ್ಲರಿಗೂ ಒಂದೇ ಮಾತು ಹೇಳಿದೆ. "ನಮ್ಮನೆಯವರು ಕೊಟ್ಟ ಬಿಯರ್ ಇದೆಯಲ್ಲ, ಅದು ಸ್ವಲ್ಪ ಹೆಚ್ಚುಕಮ್ಮಿ ಆಗಿದೆ. ಒಂದು ಟವೆಲ್ಲಲ್ಲಿ ಸುತ್ತಿ ಗ್ಯಾರೇಜಿಗೆ ಹಾಕ್ಬಿಡಿ, ಸಿಡಿಯೋ ಚಾನ್ಸ್ ಇದೆ."

"ಹೌದಾ ಆಂಟಿ? ಅಂಕಲ್ ಏನಂದ್ರು?"

"ಮೇಡಂ, ಸಾರ್‌ಗೆ ಒಂದ್ನಿಮಿಷ ಫೋನ್ ಕೊಡ್ತೀರಾ? ಅವ್ರನ್ನೇ ಕೇಳ್ಬಿಡ್ತೀನಿ."

"ಅಯ್ಯೋ, ಸಾರ್ ಮಾಡಿದ್ದು ಹಾಗೆಲ್ಲ ಆಗಲ್ಲ ಬಿಡಿ."

ಹತ್ತು ಮನೆ ದಾಟುವಷ್ಟರಲ್ಲಿ ನನ್ನ ಕಿವಿ ಕೆಂಪಾಗಿತ್ತು. ಹದಿನಾಲ್ಕನೆಯದು ಓಲ್ಡ್ ಬ್ರಿಡ್ಜಿನಲ್ಲಿರುವ ಇವರ ಹಳೆಯ ಸ್ನೇಹಿತರ ಮನೆ. ಸ್ನೇಹಿತರ ಹೆಂಡತಿ ಫೋನು ತೆಗೆದುಕೊಂಡಳು. ಅವಳ ಅತ್ತೆ ಆರು ತಿಂಗಳಿಗೆಂದು ಮೈಸೂರಿನಿಂದ ಬಂದು ಅಲ್ಲೇ ಇದ್ದಾರೆ, ಎಂಬತ್ತು ದಾಟಿದವರು. ಅವಳು ದನಿ ತಗ್ಗಿಸಿ, "ರೀ, ಏನ್ ಕಥೆ ಗೊತ್ತಾ? ತಾಂಬೂಲದ ಚೀಲ ಅಂತ ನಮ್ಮತ್ತೆ ಅದನ್ನ ಹಾಗೇ ತಗೊಂಡ್ಹೋಗಿ ದೇವರ ಮುಂದೆ ಇಟ್ಬಿಟ್ಟಿದಾರೆ. ಒಳಗೆ ಬಿಯರ್ ಇದೆ ಅಂತ ಅವ್ರಿಗೆ ಹೇಗೆ ಹೇಳ್ಲಿ? ಏನೋ ಶರಬತ್ತು ಅಂದ್ಕೊಂಡಿದಾರೆ" ಎಂದಳು. ಅವರ ಮನೆಯಲ್ಲಿ ಹಜಾರದಲ್ಲಿ ಕೋಟು ಇಡುವ ಕ್ಲಾಸೆಟ್ಟೇ ದೇವರ ಮನೆ. ಕೆಳಗಡೆ ಹೀಟರಿನ ಬಿಸಿಗಾಳಿ ಬರುವ ಕಿಂಡಿ, ಮೇಲೆ ಎರಡು ಹೊತ್ತೂ ದೀಪ.

"ಈಗ್ಲೇ ತೆಗೀರಿ" ಎಂದೆ.

"ಆಯ್ತು ರೀ. ಅತ್ತೆ ಸ್ನಾನಕ್ಕೆ ಹೋದಾಗ ತೆಗೀತೀನಿ" ಎಂದಳು.

ನಾನು ಇಪ್ಪತ್ತನೆಯ ಮನೆಗೆ ಬರುವ ಹೊತ್ತಿಗೆ ಫೋನು ಟಣ್ಣೆಂದಿತು. ಎಲ್ಲರೂ ಇರುವ ವಾಟ್ಸಾಪ್ ಗ್ರೂಪಿನಲ್ಲಿ ಇವರು ಬರೆದಿದ್ದರು. ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿ ಕೂತುಕೊಂಡೇ ಬರೆದದ್ದು. 'ಫ್ರೆಂಡ್ಸ್, ಬಿಯರ್ ಬಗ್ಗೆ ಚಿಂತೆ ಬೇಡ. ಆರು ವರ್ಷದಿಂದ ಮಾಡ್ತಿದೀನಿ. ನಮ್ಮನೆಯವಳಿಗೆ ಸ್ವಲ್ಪ ಗಾಬರಿ ಜಾಸ್ತಿ. ಎಂಜಾಯ್!' ಕೆಳಗೆ ಸಾಲುಸಾಲಾಗಿ ಹೆಬ್ಬೆರಳುಗಳು, ನಗುವ ಮುಖಗಳು.

ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ.

"ಡಿಲೀಟ್ ಮಾಡಿ."

"ಅರವತ್ತರ ಮಾರನೇ ದಿನವೇ ನನ್ನ ಮರ್ಯಾದೆ ತೆಗೀಬೇಕು ಅಂತ ನಿಂತಿದೀಯಲ್ಲ, ನಾನೇನ್ ಮಾಡಿದೀನಿ ನಿಂಗೆ?"

"ಗಾಜು ಯಾರ್ದಾದ್ರೂ ಕಣ್ಣಿಗೆ ಹೋದ್ರೆ ನಿಮ್ಮ ಮರ್ಯಾದೆ ತಗೊಂಡ್ ಏನ್ ಮಾಡ್ಲಿ ರೀ?"

"ಮೀಟಿಂಗಲ್ಲಿದೀನಿ" ಎಂದು ಬಾಗಿಲು ಹಾಕಿಕೊಂಡರು. ಅಳಿಸಲಿಲ್ಲ. ನಾನು ಉಳಿದ ಇಪ್ಪತ್ತು ಮನೆಗೂ ಫೋನು ಮಾಡಿದೆ. ಮೆಸೇಜು ಓದಿದ್ದವರು ಆಯ್ತು ಆಂಟಿ, ಆಯ್ತು ಆಂಟಿ ಎಂದು ಮಗುವನ್ನು ರಮಿಸುವ ದನಿಯಲ್ಲಿ ಹೇಳಿದರು. ನನ್ನ ಮನೆಯಲ್ಲಿ ನನ್ನ ಕೈಯಾರೆ ಬೆಳೆಸಿದ ಯೀಸ್ಟಿನ ಬಗ್ಗೆ ನನಗೇ ಸಮಾಧಾನ ಹೇಳಿದರು. ಗ್ಯಾರೇಜಿನಲ್ಲಿ ಉಳಿದಿದ್ದ ಐದು ಬಾಟಲಿಗಳನ್ನು ಒಂದೊಂದಾಗಿ ತೆಗೆದು ಡ್ರೈವ್‌ವೇಯ ಮೋರಿಗೆ ಸುರಿದೆ.

ಗುರುವಾರ ಸಾಯಂಕಾಲ ಆರು ಗಂಟೆಗೆ ಓಲ್ಡ್ ಬ್ರಿಡ್ಜಿನ ಬಾಟಲಿ ಸಿಡಿಯಿತು. ಅಜ್ಜಿ ದೀಪ ಹಚ್ಚಲು ಕೈ ಚಾಚಿದ್ದರಂತೆ. ಚೂರು ಅವರ ಬಲಗೈಯ ಹಿಂಭಾಗ ಸೀಳಿತು. ದೇವರ ಪಟಗಳ ಮೇಲೆಲ್ಲ ಬಿಯರು, ಕುಂಕುಮದ ಜೊತೆ ಕಲೆತು ಗೋಡೆಯ ಮೇಲೆಲ್ಲ ಕೆಂಪು, ಯಾವುದು ರಕ್ತ ಯಾವುದು ಕುಂಕುಮ ಎಂದು ತಿಳಿಯದೆ ಸೊಸೆ ಕಿರುಚಿಕೊಂಡಿದ್ದಾಳೆ. ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಮೂರು ಹೊಲಿಗೆ ಹಾಕಿಸಿದರು. ಕಣ್ಣಿಗೆ ಬೀಳಲಿಲ್ಲ, ಅದೊಂದು ಪುಣ್ಯ.

ಸ್ನೇಹಿತರು ಆ ಕ್ಲಿನಿಕ್ಕಿನಿಂದಲೇ ಇವರಿಗೆ ಫೋನು ಮಾಡಿದರು. ನಾವು ಊಟಕ್ಕೆ ತಟ್ಟೆ ಹಾಕುತ್ತಿದ್ದೆವು. ಇವರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದರು. ಅಷ್ಟು ವರ್ಷದ ಸ್ನೇಹದಲ್ಲಿ ಆ ಮನುಷ್ಯ ಒಂದು ಗಟ್ಟಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಕೇಳಿದೆ.

"ಏನಯ್ಯಾ ಕೊಟ್ಟೆ ನಮ್ಮನೆಗೆ? ನಮ್ಮಮ್ಮನ್ನ ಸಾಯಿಸ್ಬೇಕು ಅಂತಿದ್ಯಾ?"

ಇವರ ಮುಖ ಬಿಳಿಚಿತು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ನಂಗೇನ್ ಗೊತ್ತಾಗತ್ತೆ ಹೇಳಯ್ಯಾ? ಬಿಯರ್ ಎಲ್ಲಾ ಮಾಡೋದು ಅವಳೇ. ಮೊದಲಿಂದಾನೂ ಅವಳೇ."

ಆರು ವರ್ಷದಿಂದ ಆ ಮಾತಿಗಾಗಿ ಕಾದಿದ್ದೆ. ಯಾರಾದರೂ ಗ್ಲಾಸು ಎತ್ತಿ ಹಿಡಿದು ಭೇಷ್ ಎಂದಾಗ ಇವರ ಬಾಯಿಂದ ಬರಲಿ ಎಂದು ಎಷ್ಟು ಸಲ ಮೆಟ್ಟಿಲ ಮೇಲೆ ನಿಂತಿದ್ದೆನೋ. ನಾಚಿಕೆಯಾದರೂ ಹೇಳುತ್ತೇನೆ, ಆ ಮಾತು ಕಿವಿಗೆ ಬಿದ್ದ ಮೊದಲ ಕ್ಷಣ ನನಗೆ ಸಂತೋಷವೇ ಆಯಿತು. ಹುಳಿಯ ಸೌಟು ಕೈಯಲ್ಲಿತ್ತು. ಮರುಕ್ಷಣ ಅದರಿಂದ ಇವರ ತಲೆಗೆ ಒಂದು ಕೊಡಬೇಕೆನಿಸಿತು. ಕೊಡಲಿಲ್ಲ. ಫೋನಿನ ಹತ್ತಿರ ಬಾಗಿ, "ಹೌದು, ಬಿಯರ್ ನಾನೇ ಮಾಡೋದು. ನಾಳೆ ನಾನೇ ಬಂದು ಅಮ್ಮನ್ನ ನೋಡ್ತೀನಿ" ಎಂದೆ. ಇವರು ಆ ರಾತ್ರಿ ಊಟ ಮಾಡಿದರು. ಎರಡು ಸಲ ಅನ್ನ ಹಾಕಿಸಿಕೊಂಡರು.

ಮಾರನೆಯ ಮಧ್ಯಾಹ್ನ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಇವರಿಗೆ ಮೀಟಿಂಗಿತ್ತಂತೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಬಿಯರು ನನ್ನದು, ತಪ್ಪು ನನ್ನದಲ್ಲ. ಟೇಪು ಅಂಟಿಸಿದ್ದು ಹೇಳಬೇಕು, ಥರ್ಮೋಸ್ಟಾಟು ಹೇಳಬೇಕು, ಗ್ಯಾರೇಜಿನ ಒಪ್ಪಂದ ಹೇಳಬೇಕು. ಇವರನ್ನು ಒಂದಿಷ್ಟೂ ಉಳಿಸಬಾರದು.

ಅಜ್ಜಿ ಸೋಫಾದ ಮೇಲೆ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಬ್ಯಾಂಡೇಜು ಮಣಿಕಟ್ಟಿನವರೆಗೂ ಬಂದಿತ್ತು. ಬಳೆಗಳನ್ನು ಆ ಕೈಯಿಂದ ತೆಗೆದು ಇನ್ನೊಂದು ಕೈಗೆ ಹಾಕಿದ್ದರು. ಹಜಾರದಲ್ಲಿ ಕ್ಲಾಸೆಟ್ಟಿನ ಬಾಗಿಲು ಮುಚ್ಚಿತ್ತು. ನಾನು ನಮಸ್ಕಾರ ಮಾಡಿ ಕೆಳಗೆ ಕೂತು ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಮೊದಲ ಪಾರ್ಟಿಯಿಂದ ಲೇಬಲ್ಲಿನವರೆಗೆ, ಬೆರಳದ್ದಿದವರು, ಬಕೆಟ್ಟು ಉಜ್ಜಿದ್ದು, ಎಲ್ಲ. ಸೊಸೆ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತಿದ್ದಳು. ಹೇಳುತ್ತಾ ಹೇಳುತ್ತಾ ನನಗೆ ಮೈ ಹಗುರಾಯಿತು. ನಾಳೆ ಇಷ್ಟೊತ್ತಿಗೆ ಇದು ಎಲ್ಲರ ಮನೆಗೂ ತಲುಪುತ್ತದೆಂದು ಗೊತ್ತಿತ್ತು. ತಲುಪಲಿ ಎಂದೇ ಹೇಳಿದೆ.

ಅಜ್ಜಿ ಸೊಸೆಯ ಕಡೆ ತಿರುಗಿ, "ಇವಳು ಮೊದಲೇ ಫೋನ್ ಮಾಡಿದ್ಲು ಅಂದ್ಯಲ್ಲ. ಮತ್ಯಾಕೆ ತೆಗೀಲಿಲ್ಲ?" ಎಂದರು.

ಸೊಸೆಯ ಕಣ್ಣಲ್ಲಿ ನೀರು ಬಂತು. "ತೆಗೀಬೇಕು ಅಂತಾನೇ ಹೊರಟಿದ್ದೆ ಅತ್ತೆ. ಅಷ್ಟರಲ್ಲಿ ಸಾರ್ ಮೆಸೇಜ್ ಬಂತು, ಏನೂ ಆಗಲ್ಲ ಅಂತ. ಮಾಡಿದವರೇ ಹೇಳ್ತಿದಾರಲ್ಲ, ಅವ್ರಿಗೆ ಗೊತ್ತಿರಲ್ವಾ ಅಂದ್ಕೊಂಡೆ."

"ಮಾಡಿದವಳು ಇವಳಲ್ವೇನೆ?"

"ನಂಗೇನ್ ಗೊತ್ತು ಅತ್ತೆ? ಇವ್ರು ಫೋನಲ್ಲಿ ಹಾಗೆ ಹೇಳ್ಲಿಲ್ಲ. 'ನಮ್ಮನೆಯವರು ಕೊಟ್ಟ ಬಿಯರ್' ಅಂದ್ರು."

ಅಜ್ಜಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಕೋಪಕ್ಕೆ ಕೋಪ ನನಗೆ ಚೆನ್ನಾಗಿ ಬರುತ್ತದೆ.

"ಇಷ್ಟೆಲ್ಲಾ ಇವತ್ತು ಹೇಳ್ದೆ" ಎಂದರು. "ಇದು ನಾನು ಮಾಡಿದ್ದು, ನಂಗೆ ಗೊತ್ತು ಅಂತ ಆವತ್ತು ಒಂದು ಮಾತು ಬಾಯಲ್ಲಿ ಬರ್ಲಿಲ್ವೇನಮ್ಮಾ?"

ನಲವತ್ತು ಮನೆಗೆ ಫೋನು ಮಾಡಿದ್ದೆ. ಜೀವ ಹೋಗುವ ವಿಷಯವೆಂದು ಗೊತ್ತಿದ್ದೇ ಮಾಡಿದ್ದೆ. ಒಂದು ಮನೆಗೂ ಆ ಮಾತು ಹೇಳಿರಲಿಲ್ಲ. ಭಜನೆಯ ಹೆಂಗಸರು ಆ ನಲವತ್ತರಲ್ಲಿ ಹನ್ನೊಂದು ಜನ ಇದ್ದರು. ಕಾಫಿ ಕುಡಿದು ಎದ್ದೆ.

ವಾಪಸು ಬರುವಾಗ ಕಿಟಕಿ ಏರಿಸಿಕೊಂಡು ಇವರನ್ನು ಗಟ್ಟಿಯಾಗಿ ಬೈಯಲು ಶುರು ಮಾಡಿದೆ. ಬೈದದ್ದೆಲ್ಲ ನಿಜವೇ, ಒಂದನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಆ ಮೂರು ಹೊಲಿಗೆಯಲ್ಲಿ ಒಂದಾದರೂ ನಾನು ಹಾಕಿಸಿದ್ದು ಎಂದು ತಿಳಿದ ಮೇಲೆ, ರೂಟ್ ನೈನ್ ಹೆದ್ದಾರಿ ಮುಗಿಯುವ ತನಕವೂ ಬೈಯಲು ಆಗಲಿಲ್ಲ.